ನಮ್ಮತ್ತೆಯ ಮೀನಾಕಾರಿ

ಐವತ್ತು ದಾಟಿದ ಹೆಂಗಸು ಹೊಸ ವಿದ್ಯೆ ಕಲಿತರೆ ಅದರ ಭಾರ ಮೊದಲು ಬೀಳುವುದು ಮನೆಯವರ ಮೇಲೆ. ಸಂಗೀತ ಕಲಿತರೆ ಅವರು ಕೇಳಬೇಕು, ಹೊಸ ಅಡುಗೆ ಕಲಿತರೆ ತಿನ್ನಬೇಕು. ನಾನು ಕಲಿತದ್ದು ಮೀನಾಕಾರಿ. ಬಣ್ಣದ ಗಾಜಿನ ಪುಡಿಯನ್ನು ನೀರಿನಲ್ಲಿ ಕಲಸಿ, ತಾಮ್ರದ ತಗಡಿನ ಮೇಲೆ ಹರಡಿ, ಒಣಗಿಸಿ ಕರೆಂಟಿನ ಭಟ್ಟಿಯಲ್ಲಿಟ್ಟರೆ ಪುಡಿ ಕರಗಿ ತಗಡಿಗೆ ಕಚ್ಚಿಕೊಂಡು ಕನ್ನಡಿಯ ಹಾಗೆ ಹೊಳೆಯುತ್ತದೆ. ಹೊಳೆಯಬೇಕು ಎಂದು ಹೈದರಾಬಾದಿನ ತರಬೇತಿಯಲ್ಲಿ ಹೇಳಿದ್ದರು. ತೆಲಂಗಾಣದ ಗಡಿಯೂರಾದ ಮಕ್ತಲಿನ ನಮ್ಮ ಮನೆಗೆ ಬಂದ ಮೇಲೆ ಅದು ಬಿರುಕು ಬಿಟ್ಟಿತು, ಗುಳ್ಳೆ ಎದ್ದಿತು, ಗಿಣಿಹಸಿರೆಂದು ಇಟ್ಟದ್ದು ಸಗಣಿಯ ಬಣ್ಣದಲ್ಲಿ ಹೊರಗೆ ಬಂತು. ಇದನ್ನು ಕೇಳುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಯಾರಾದರೂ ಹಾಕಿಕೊಳ್ಳಬೇಕು. ನಮ್ಮ ಓಣಿಯ ಹೆಂಗಸರು ನಾನು ಎದುರಿಗೆ ಬಂದರೆ ಕಿವಿಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದ ಕಾಲವೂ ಇತ್ತು.

ನಮ್ಮ ಯಜಮಾನರು ಕರೆಂಟ್ ಆಫೀಸಿನಲ್ಲಿದ್ದಾರೆ. ಊರಿಗೆಲ್ಲ ಕರೆಂಟು ಕೊಡುವವರ ಮನೆಯಲ್ಲೇ, ಹೆಂಡತಿ ಭಟ್ಟಿ ಹಾಕಿದಾಗಲೆಲ್ಲ ಫ್ಯೂಸ್ ಹೋಗುವುದೆಂದರೆ ಅವರ ಪಾಲಿಗೆ ಅದು ಮರ್ಯಾದೆಯ ಪ್ರಶ್ನೆ. ಅದಕ್ಕೇ ಒಂದು ಕಾನೂನು ಮಾಡಿದರು: ಭಟ್ಟಿ ಕಾಯುವಾಗ ಫ್ರಿಜ್, ಮಿಕ್ಸಿ, ಮೋಟಾರು, ಟಿವಿ ಎಲ್ಲ ಬಂದ್. ಎಂಬತ್ತರ ಹತ್ತಿರ ಬಂದಿರುವ ನಮ್ಮತ್ತೆ ಈ ಕಾನೂನಿನಲ್ಲಿ 'ಟಿವಿ' ಎಂಬ ಎರಡಕ್ಷರವನ್ನು ಮಾತ್ರ ಕೇಳಿಸಿಕೊಂಡರು. ಅವರ ತೆಲುಗು ಸೀರಿಯಲ್ಲು ಬರುವುದು ಮಧ್ಯಾಹ್ನ. ನನಗೆ ಬಿಡುವು ಸಿಗುವುದೂ ಮಧ್ಯಾಹ್ನವೇ. ಅಲ್ಲಿಯ ಸೊಸೆ ವಿಷ ಬೆರೆತ ಹಾಲಿನ ಲೋಟವನ್ನು ಬಾಯಿಯ ಹತ್ತಿರ ತಂದಳೋ ಇಲ್ಲವೋ ಇಲ್ಲಿಯ ಸೊಸೆ ಟಿವಿ ಆರಿಸಿಬಿಡುತ್ತಿದ್ದಳು. ಆಕೆ ಕುಡಿದಳೋ ಇಲ್ಲವೋ ಎಂದು ತಿಳಿಯಲು ಅತ್ತೆ ಪಕ್ಕದ ಮನೆಯವರೆಗೆ ಕೋಲೂರಿಕೊಂಡು ಹೋಗಬೇಕಾಗುತ್ತಿತ್ತು.

"ತಾಮ್ರ ಇರೂದು ಚರಿಗಿ ಮಾಡಾಕ, ಬಂಗಾರ ಇರೂದು ಕಿವ್ಯಾಗ ಹಾಕ್ಕೊಳ್ಳಾಕ," ಎನ್ನುತ್ತಿದ್ದರು. "ನಡುವ ಇದೇನು ಬೇ ನಿಂದು, ಗಾಜು ಬಳಿಯೂದು?"

ಹೀಗಿರುವಾಗ ಗದ್ವಾಲದಲ್ಲಿರುವ ನನ್ನ ಮೈದುನನ ಮಗಳು ಮಮತಾಳಿಗೆ ಮದುವೆ ಗೊತ್ತಾಯಿತು. ಗಂಡಿನವರು ಮಗ್ಗದವರು, ಸೀರೆಯಲ್ಲೇ ಹುಟ್ಟಿ ಸೀರೆಯಲ್ಲೇ ಬೆಳೆದವರು. ಮದುಮಗಳ ಸೀರೆಯನ್ನು ತಮ್ಮದೇ ಮಗ್ಗದ ಮೇಲೆ ನೇಯ್ದಿದ್ದರು. ಒಂದು ದಿನ ಮಮತಾ ಫೋನು ಮಾಡಿದಳು.

"ದೊಡ್ಡಮ್ಮ, ಸೀರಿ ಮೈ ನವಿಲಿನ ಕುತ್ತಿಗಿ ಬಣ್ಣ, ಅಂಚು ಕೆಂಪು. ಅದಕ್ಕ ಹೊಂದೂ ಹಂಗ ಓಲಿ ನೀವ ಮಾಡಿ ಕೊಡ್ರಿ. ನಮ್ಮ ದೊಡ್ಡಮ್ಮ ಮೀನಾಕಾರಿ ಮಾಡ್ತಾಳಂತ ನಾ ಆಗಲೇ ಅವರ ಮನ್ಯಾಗ ಹೇಳೀನಿ."

ಇಷ್ಟು ದಿನದಲ್ಲಿ ನನ್ನನ್ನು ಕೇಳಿ ಮಾಡಿಸಿಕೊಳ್ಳಲು ಬಂದ ಮೊದಲ ಕಿವಿ ಅದು. ಹೂಂ ಎನ್ನದೆ ಇರಲು ಮನಸ್ಸಾಗಲಿಲ್ಲ. ಅತ್ತೆಗೆ ವಿಷಯ ತಿಳಿದಾಗ ಅವರ ಮುಖ ಸಪ್ಪಗಾಯಿತು. ಈ ಸಲ ಅದು ಸೀರಿಯಲ್ ತಪ್ಪಿದ ಸಿಟ್ಟಲ್ಲ.

"ಆ ಮಂದಿಗೆ ಬಣ್ಣ ಅಂದ್ರ ಉಸಿರು. ಎಳಿಯಷ್ಟು ಫರಕ್ ಬಂದ್ರೂ ನೋಡ್ತಾರ. ಅತ್ತಿಮನಿಗೆ ಕಾಲಿಡೂ ಮೊದಲೇ ನಮ್ಮ ಹುಡುಗಿ ನಿನ್ನ ಸಲುವಾಗಿ ಮಾತು ಕೇಳ್ಬೇಕೇನು?"

ಮಮತಾ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಎರಡು ಎಳೆ ದಾರ ಕಳಿಸಿದಳು, ಒಂದು ನೀಲಿ, ಒಂದು ಕೆಂಪು. ನಾನು ಅವನ್ನು ಭಟ್ಟಿಯ ಪಕ್ಕದ ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಕುಳಿತೆ. ನೀಲಿ ಬೇಗ ಒಲಿಯಿತು. ಕೆಂಪು ಮಾತ್ರ ಹಟಮಾರಿ. ಒಮ್ಮೆ ಇಟ್ಟಿಗೆ ಬಣ್ಣ, ಇನ್ನೊಮ್ಮೆ ಹುಣಸೆ ಬಣ್ಣ. ಉರಿ ಹೆಚ್ಚಾಗಿತ್ತೆಂದು ತಿಳಿಯುವಷ್ಟರಲ್ಲಿ ಪುಡಿ ಮುಗಿಯುತ್ತ ಬಂದಿತ್ತು. ಗದ್ವಾಲಕ್ಕೆ ಹೊರಡುವ ಹಿಂದಿನ ಮಧ್ಯಾಹ್ನ ಉಳಿದದ್ದು ಒಂದು ಚಿಟಿಕೆ. ಅಷ್ಟನ್ನೂ ಬಳಿದು, ಉರಿ ಇಳಿಸಿ, ಓಲೆಗಳನ್ನು ಒಳಗಿಟ್ಟೆ. ಅಂದು ಅತ್ತೆ ತಾವೇ ಎದ್ದು ಟಿವಿ ಆರಿಸಿ ಬಂದು ಹೊಸ್ತಿಲ ಮೇಲೆ ಕುಳಿತರು.

ಇಕ್ಕಳದಿಂದ ಹೊರಗೆ ತೆಗೆದು ನೋಡುತ್ತೇನೆ, ನೀಲಿಯ ಸುತ್ತ ಕೆಂಪಿರಬೇಕಾದಲ್ಲಿ ಮಸಿ ಬಳಿದಂತೆ ಕಪ್ಪು. ಅತ್ತೆಯೂ ನೋಡಿದರು. ನಾನು ಓಲೆಗಳನ್ನು ಕಲ್ಲಿನ ಮೇಲಿಟ್ಟು, ಭಟ್ಟಿ ಆರಿಸಿ, ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ. ಆಮೇಲೆ ಮಮತಾಳಿಗೆ ಏನು ಹೇಳುವುದೆಂದು ಯೋಚಿಸಿದೆ. ಈಗ ಕಪ್ಪೇ ಫ್ಯಾಷನ್ನು ಎನ್ನಬಹುದಿತ್ತು. ಆದರೆ ಮದುಮಗಳ ಕಿವಿಗೆ ಕಪ್ಪನ್ನು ಯಾವ ಬೀಗರು ಒಪ್ಪುತ್ತಾರೆ? ದೃಷ್ಟಿ ತಾಗದಿರಲೆಂದು ಬೇಕೆಂದೇ ಇಟ್ಟದ್ದು ಎಂದರೆ? ಈ ಮಾತು ಅಷ್ಟು ಕೆಟ್ಟದ್ದೇನಲ್ಲ ಅನ್ನಿಸಿ, ಅದನ್ನೇ ತೆಲುಗಿನಲ್ಲಿ ಹೇಗೆ ಹೇಳುವುದೆಂದು ಜೋಡಿಸುತ್ತಿದ್ದೆ.

"ಏ ಬೇ, ಎದ್ದು ಬಾ ಇಲ್ಲಿ," ಎಂದು ಅತ್ತೆ ಕರೆದರು. "ಕೆಂಪಗಾಗ್ಯಾವ."

ಓಡಿಹೋದೆ. ಅತ್ತೆ ಓಲೆಗಳ ಮುಂದೆ ಕುಳಿತು ಸೆರಗಿನಿಂದ ಮೆಲ್ಲಗೆ ಗಾಳಿ ಹಾಕುತ್ತಿದ್ದರು. ಕೆಂಪು ಎಂದರೆ ಕೆಂಪು. ಗೋಡೆಯ ಮೇಲಿನ ದಾರವನ್ನು ಕಿತ್ತು ತಂದು ಪಕ್ಕದಲ್ಲಿಟ್ಟೆ. ದಾರದ ಕೆಂಪು ಯಾವುದು, ಓಲೆಯ ಕೆಂಪು ಯಾವುದು ತಿಳಿಯದಂತಿತ್ತು.

"ಗದ್ವಾಲದ ಜಮ್ಮುಲಮ್ಮಗ ಬೇಡ್ಕೊಂಡೆ," ಅಂದರು ಅತ್ತೆ. "ತಾಯಿ, ನಿನ್ನ ಊರಿಗೇ ಬರಾಕತ್ತೀವಿ, ಮಾನ ಕಾಯಿ ಅಂದೆ. ನನ್ನ ಕಣ್ಮುಂದ ಕಪ್ಪು ಹೋಗಿ ಕೆಂಪು ಬಂತು ನೋಡು."

ಆಗ ನೆನಪಾಯಿತು. ಕೆಂಪು ಮೀನಾ ಗಾಜು ಭಟ್ಟಿಯಿಂದ ಬಂದಾಗ ಕಪ್ಪಗೆ ಕಾಣುತ್ತದೆ, ಆರುತ್ತ ಆರುತ್ತ ತನ್ನ ಬಣ್ಣಕ್ಕೆ ಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹೇಳುವಾಗ ನಾನು ಪಕ್ಕದಾಕೆಯನ್ನು ಅವಳ ಬ್ಲೌಸು ಎಲ್ಲಿ ಹೊಲಿಸಿದ್ದೆಂದು ಕೇಳುತ್ತಿದ್ದೆ. ಮೊದಲಿನವನ್ನೆಲ್ಲ ಆರಿಸಿದ ಭಟ್ಟಿಯಲ್ಲೇ ಬಿಟ್ಟು ಮಾರನೆಯ ದಿನ ತೆಗೆದಿದ್ದರಿಂದ ಈ ಚಮತ್ಕಾರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ಹೊರಡುವ ಅವಸರಕ್ಕೆ ಬಿಸಿಯಲ್ಲೇ ತೆಗೆದಿದ್ದೆ.

"ಹಂಗಲ್ರೀ ಅತ್ತೆಮ್ಮ, ಬಿಸಿ ಇದ್ದಾಗ ಅದು ಕಪ್ಪು ಕಾಣ್ತೈತ್ರಿ. ಆರಿದ ಮ್ಯಾಲ ಕೆಂಪು ಆಕೈತಿ. ನನಗ ಗೊತ್ತಿತ್ರಿ."

"ಗೊತ್ತಿದ್ರ ಅಳಾಕ ಯಾಕ ಹೋಗಿದ್ದಿ?"

ನಾನು ಓಲೆಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ.

ಗದ್ವಾಲದಲ್ಲಿ ಮದುವೆಯ ಮನೆಗೆ ಬಂದ ಬೀಗಿತ್ತಿ ಓಲೆಯನ್ನು ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಸೀರೆಯ ಅಂಚಿನ ಮೇಲೆ ಇಟ್ಟು ನೋಡಿದರು, ತಿರುಗಿಸಿ ನೋಡಿದರು. ಮಮತಾ ನನ್ನ ಕೈ ಹಿಡಿದಿದ್ದಳು. ಬೀಗಿತ್ತಿ ತಾವೇ ಬಂದು ಸೊಸೆಯ ಕಿವಿಗೆ ಓಲೆ ಹಾಕಿ, ಅವಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನಕ್ಕರು. "ಎವರು ಚೇಶಾರಮ್ಮಾ?" ಯಾರು ಮಾಡಿದ್ದೆಂದು ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಉತ್ತರ ಬಂತು.

"ಮೇಮೇ," ಅಂದರು ನಮ್ಮತ್ತೆ. ನಾವೇ.

ಆ 'ನಾವು' ಬಹಳ ಹೊತ್ತು ಬಹುವಚನವಾಗಿ ಉಳಿಯಲಿಲ್ಲ. ಊಟದ ಹೊತ್ತಿಗೆ ಅತ್ತೆಯ ಸುತ್ತ ಹೆಂಗಸರು ನೆರೆದಿದ್ದರು. ಕಪ್ಪು ಹೋಗಿ ಕೆಂಪು ಬಂದ ಕಥೆಯಲ್ಲಿ ಜಮ್ಮುಲಮ್ಮ ಇದ್ದಳು, ಸೆರಗಿನ ಗಾಳಿ ಇತ್ತು. ಅಳುವ ಸೊಸೆಯನ್ನು ಅತ್ತೆ ನನ್ನ ಮರ್ಯಾದೆ ಉಳಿಸಲು ಕಥೆಯಿಂದ ಕೈಬಿಟ್ಟಿದ್ದರು. ಅದರ ಜೊತೆಗೇ ನಾನೂ ಇಡಿಯಾಗಿ ಬಿಟ್ಟುಹೋಗಿದ್ದೆ. ಕೊನೆಗೆ ಯಾರೋ ಒಬ್ಬಾಕೆ ನನ್ನ ಕಡೆ ನೋಡಿ, "ಮರಿ ಈಮೆ?" ಎಂದು ಕೇಳಿದಳು. ಮತ್ತೆ ಈಕೆ?

"ನನ್ನ ಸೊಸೆ," ಎಂದು ಅತ್ತೆ ತೆಲುಗಿನಲ್ಲೇ ಪ್ರೀತಿಯಿಂದ ಹೇಳಿದರು. "ಸ್ವಿಚ್ ಹಾಕುತ್ತಾಳೆ."

ಈಗ ಮಧ್ಯಾಹ್ನ ನಮ್ಮ ಮನೆಯಲ್ಲಿ ಟಿವಿಯ ಜಗಳವಿಲ್ಲ. ಭಟ್ಟಿಯ ಮುಂದೆ ಅತ್ತೆಗೊಂದು ಕುರ್ಚಿ ಬಂದಿದೆ. ಕಿವಿ ಮುಚ್ಚಿಕೊಳ್ಳುತ್ತಿದ್ದ ಓಣಿಯ ಹೆಂಗಸರು ಸೀರೆಯ ದಾರ ಹಿಡಿದುಕೊಂಡು ಬರುತ್ತಾರೆ. ಮೊನ್ನೆ ನಾರಾಯಣಪೇಟೆಯಿಂದ ಒಬ್ಬಾಕೆ ಬಂದಿದ್ದಳು. ಬಾಗಿಲು ತೆರೆದವಳು ನಾನು. ಕೈಯಲ್ಲಿ ಇಕ್ಕಳವಿತ್ತು, ಮೂಗಿನ ಮೇಲೆ ನೀಲಿ ಪುಡಿಯೂ ಇತ್ತು.

"ಮೀನಾಕಾರಿ ಮಾಡೂ ದೊಡ್ಡವ್ವಾರು ಅದಾರೇನ್ರಿ?" ಎಂದು ಕೇಳಿದಳು.

"ಅದಾರ್ರೀ, ಕುಂದರ್ರಿ," ಎಂದು ಅತ್ತೆಯನ್ನು ಕರೆದು, ಒಳಗೆ ಹೋಗಿ ಸ್ವಿಚ್ ಹಾಕಿದೆ. ಆ ಕೆಲಸದಲ್ಲಿ ನನ್ನಿಂದ ಈವರೆಗೆ ಒಂದೂ ತಪ್ಪಾಗಿಲ್ಲ.