ಸರೋಜಾ ಮೇಡಂ ಸೊಸೆಗೆ ಫೋನ್ ಕೊಡಿ

ಜಂಬ ಒಳ್ಳೆಯದಲ್ಲ ಎಂದು ದುದ್ದದ ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಹೇಳಿ ನಿವೃತ್ತಳಾದವಳು ನಾನು. ಪಾಠ ಹೇಳಿದವರಿಗೆ ಅದು ಅನ್ವಯಿಸುವುದಿಲ್ಲವೆಂದು ಈಗಲೂ ನಂಬಿದ್ದೇನೆ. ಹಾಸನದಲ್ಲಿ ಒಂದು ಹಣಕಾಸು ಕಂಪನಿ ಹೊಸದಾಗಿ ಗ್ರಾಹಕರ ಸಹಾಯ ಕೇಂದ್ರ ತೆರೆಯಿತು. ಸಾಲ, ವಿಮೆ, ಕಂತು, ಏನೇ ಅನುಮಾನವಿದ್ದರೂ ಫೋನ್ ಮಾಡಿದರಾಯಿತು, ನಮ್ಮ ಕಡೆಯ ಹುಡುಗಿಯರೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಅವರಲ್ಲಿ ಅರಕಲಗೂಡಿನಿಂದ ಬಂದ ನನ್ನ ಸೊಸೆ ಕಾವ್ಯಳೂ ಒಬ್ಬಳು. ಮೊದಲ ದಿನ ಅವಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಹೊರಟಾಗ, ತಿರುವು ದಾಟುವ ತನಕ ಬಾಗಿಲಲ್ಲಿ ನಿಂತು ನೋಡಿದೆ. ಸುಳ್ಳೇಕೆ ಹೇಳಲಿ, ಎದೆ ತುಂಬಿ ಬಂತು.

ಎದೆಯಲ್ಲಿದ್ದದ್ದು ಬಾಯಿಗೆ ಬರಲು ಎಷ್ಟು ಹೊತ್ತು? ತರಕಾರಿಯವನಿಗೆ ಹೇಳಿದೆ. ಹೊಳೆನರಸೀಪುರದ ಮದುವೆಯೂಟದಲ್ಲಿ ಪಂಕ್ತಿ ಪೂರ್ತಿ ಕೇಳುವಂತೆ ಹೇಳಿದೆ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಪಕ್ಕದವಳನ್ನು ಎಬ್ಬಿಸಿ ಹೇಳಿದೆ. ಎಲ್ಲರಿಗೂ ಕೇಂದ್ರದ ನಂಬರು ಕೊಟ್ಟು, “ಏನೇ ತೊಂದ್ರೆ ಇದ್ರೂ ನಮ್ಮ ಸೊಸೆನ ಕೇಳಿ” ಎಂದೆ. ನಮ್ಮ ಜನ ಗೊತ್ತಲ್ಲ, ಒಳಗೆ ಪರಿಚಯದವರು ಒಬ್ಬರಿಲ್ಲದೆ ತಾಲ್ಲೂಕು ಕಚೇರಿಯ ಮೆಟ್ಟಿಲನ್ನೂ ಹತ್ತುವುದಿಲ್ಲ.

ಒಂದು ಸಂಜೆ ಕಾವ್ಯ ಮುಖ ಸಣ್ಣಗೆ ಮಾಡಿಕೊಂಡು ಬಂದಳು. “ಅತ್ತೆ, ಬಂದ ಫೋನು ಯಾರ್ಗೆ ಹೋಗುತ್ತೋ ನಮ್ ಕೈಲಿಲ್ಲ. ಯಾರು ಎತ್ತಿದ್ರೂ, ‘ನಿನ್ ತಾವ ಏನೂ ಯೋಳಾಕಿಲ್ಲ ಕಣವ್ವ, ಸರೋಜಾ ಮೇಡಂ ಸೊಸೆಗೆ ಕೊಡು’ ಅಂತ ಪಟ್ಟು ಹಿಡೀತಾರೆ. ಇವತ್ತು ಸಾಹೇಬ್ರು ನನ್ನ ಕರ್ದು ಕೇಳಿದ್ರು. ಕೆಲಸ ಇನ್ನೂ ಖಾಯಂ ಆಗಿಲ್ಲ ಅತ್ತೆ.”

ಕಾಫಿ ಲೋಟ ಕೆಳಗಿಟ್ಟೆ. ಅವಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎನಿಸಿತು. ಅಂದಿನಿಂದ ಬಾಯಿಗೆ ಬೀಗ ಹಾಕಿದೆ. ಆದರೆ ಊರೂರಿಗೆ ಕೊಟ್ಟ ನಂಬರನ್ನು ವಾಪಸು ತರುವುದು ಹೇಗೆ?

ದಾರಿ ಹುಡುಕಿದವರು ಅಲ್ಲಿನ ಹುಡುಗಿಯರೇ. ನನ್ನ ಸೊಸೆ ಬೇಕೆಂದು ಯಾರು ಕೇಳಿದರೂ, ಫೋನ್ ಎತ್ತಿದವಳು “ನಾನೇ ಕಣಜ್ಜಿ, ಹೇಳಿ” ಎನ್ನತೊಡಗಿದಳು. ಅಜ್ಜಿಯರು ಸಮಾಧಾನವಾಗಿ ಕಷ್ಟ ಹೇಳಿಕೊಂಡರು. ಸಾಹೇಬರು ಕೇಳಿಯೂ ಕೇಳದವರಂತಿದ್ದರು. ಕಾವ್ಯಳ ಕೆಲಸ ಖಾಯಂ ಆಯಿತು. ಬೀದಿಗೆಲ್ಲ ನಾನೇ ಮೈಸೂರುಪಾಕು ಹಂಚಿದೆ.

ಮೊನ್ನೆ, ನೋಡೇಬಿಡೋಣ ಎಂದು, ದನಿ ಬದಲಿಸಿ ನಾನೂ ಫೋನ್ ಮಾಡಿದೆ. “ಸರೋಜಾ ಮೇಡಂ ಸೊಸೆ ಬೇಕಾಗಿತ್ತು.”

“ನಾನೇ ಕಣಮ್ಮ, ಹೇಳಿ” ಎಂದಿತು ಕೇಳರಿಯದ ಒಂದು ದನಿ. ಅದರ ಅಕ್ಕರೆಗೆ ಕರಗಿ, “ನಿಮ್ಮತ್ತೆ ಹೆಂಗವ್ರೆ?” ಎಂದು ಕೇಳಿಬಿಟ್ಟೆ.

“ಬಂಗಾರದಂಥೋರು ಕಣಮ್ಮ. ಬಾಯಿ ಒಂದು ಸುಮ್ಕಿರಾಕಿಲ್ಲ, ಅಷ್ಟೇಯ. ಬೇರೆ ಏನಾರ ಮಾಹಿತಿ ಬೇಕಿತ್ತಾ?”

ಇಷ್ಟೇ ಸಾಕು ತಾಯಿ ಎಂದು ಫೋನ್ ಇಟ್ಟೆ.