ಆನೆ ಕಟ್ಟುವ ಮನೆ

ತೇವಾರಂ ಊರಾಚೆ ಡೇರೆ ಹಾಕಿದ್ದ ಸರ್ಕಸ್ಸಿನ ಆನೆಗೆ ಚಿನ್ನಮ್ಮಾಳ್ ಬೆಲ್ಲ ಹಚ್ಚಿದ ರಾಗಿಮುದ್ದೆ ತಿನ್ನಿಸಿದ್ದೇ ಎಲ್ಲಕ್ಕೂ ಮೂಲ. ಮರುದಿನ ಬೆಳಿಗ್ಗೆ ಆನೆ ಗೂಟ ಕಿತ್ತುಕೊಂಡು ಬಂದು ಅವಳ ಮನೆ ಬಾಗಿಲಿಗೆ ಅಡ್ಡಲಾಗಿ ಕೂತುಬಿಟ್ಟಿತು.

ಅವತ್ತೇ ಹೆಣ್ಣು ನೋಡಲು ಕಂಬಂ ಊರಿನಿಂದ ಗಂಡಿನ ಅಪ್ಪ ಅಮ್ಮ ಬರುವವರಿದ್ದರು. ಚಿನ್ನಮ್ಮಾಳ ಅಪ್ಪ ಆಂಡಿ ಬಾಗಿಲು ತೆರೆದರೆ ಎದುರಿಗೆ ಬೂದು ಬಣ್ಣದ ಗೋಡೆ! ಹಿತ್ತಲ ಬೇಲಿ ಹಾರಿ, ಹೊಸ ಪಂಚೆ ಹರಿದುಕೊಂಡು ಮುಂದೆ ಬಂದ.

"ಎದ್ದೇಳಮ್ಮಾ ತಾಯೀ, ಮಗಳ ಬಾಳಿನ ವಿಷ್ಯ!" ಎಂದು ಕೈಮುಗಿದ. ಆನೆ ಅವನ ತಲೆಯ ರುಮಾಲು ಕಿತ್ತು ಗಾಳಿ ಬೀಸಿಕೊಂಡಿತು.

ಪಕ್ಕದ ಮನೆಯ ಕರುಪ್ಪಾಯಿ ಸುಮ್ಮನಿದ್ದಾಳೆಯೆ? "ಅಣ್ಣೇ, ಬಾಳೆಗೊನೆ ತೋರ್ಸಿ ಹಿಂದಕ್ಕೆ ನಡೀರಿ. ತಾನಾಗೇ ಬತ್ತೈತೆ."

ಆನೆ ಕೂತಲ್ಲಿಂದಲೇ ಸೊಂಡಿಲು ಚಾಚಿ ಇಡೀ ಗೊನೆ ನುಂಗಿತು.

"ಹಂಗಾರೆ ತಗಡು ಬಡೀರಿ. ಹೆದರಿ ಓಡ್ತೈತೆ."

ಆಂಡಿ ತಗಡು ಬಡಿದ. ಆನೆಗೆ ಸರ್ಕಸ್ಸಿನ ಬ್ಯಾಂಡು ನೆನಪಾಯಿತು. ಎದ್ದು ನಿಂತು, ಒಂದು ಕಾಲೆತ್ತಿ ಕುಣಿಯಿತು. ಸೂರಿನ ಹಂಚು ದಡಬಡ ಉದುರಿದವು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಆನೆ ಎಲ್ಲರಿಗೂ ಸಲಾಮು ಹೊಡೆದು ಮತ್ತೆ ಅಲ್ಲೇ ಕೂತಿತು.

ಮಾವುತ ರಾಮರ್ ಏದುಸಿರು ಬಿಡುತ್ತ ಓಡಿಬರುವುದಕ್ಕೂ ಬೀಗರ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಆನೆ ಯಾರ್ದು?" ಗಂಡಿನ ಅಪ್ಪ ಕಣ್ಣರಳಿಸಿ ಕೇಳಿದರು.

ಸರ್ಕಸ್ಸಿನವರ ಸಹವಾಸ ಅಂತ ಗೊತ್ತಾದರೆ ಸಂಬಂಧ ಮುರಿದೀತು ಎಂದು ಆಂಡಿ ಹರಿದ ಪಂಚೆ ಸರಿಪಡಿಸಿಕೊಳ್ಳತೊಡಗಿದ. ಕರುಪ್ಪಾಯಿಯೇ ಉತ್ತರ ಕೊಟ್ಟಳು: "ಇವರ್ದೇ. ತಾತನ ಕಾಲದಿಂದ ಆನೆ ಕಟ್ಟೋ ಮನೆ ಇದು!"

ರಾಮರ್ ಬಾಯಿ ತೆರೆದ. ಆಂಡಿ ಅವನ ಕಾಲು ತುಳಿದ.

ಅಲಂಕಾರ ಕೆಟ್ಟೀತೆಂದು ಅಮ್ಮ ಒಳಗೇ ಕೂರಿಸಿದ್ದ ಚಿನ್ನಮ್ಮಾಳ್ ಇನ್ನು ತಡೆಯಲಾರದೆ ಹಿತ್ತಲಿಂದ ಓಡಿಬಂದಳು. ಸೊಂಡಿಲಿಗೆ ಕೆನ್ನೆ ಒತ್ತಿ, "ಓಗು ಚೆಲ್ಲಂ, ನನ್ ಬಂಗಾರ, ನಾಳೆ ನಾನೇ ಬತ್ತೀನಿ" ಎಂದಳು. ಆನೆ ಕರುವಿನಂತೆ ಎದ್ದು, ತಿರುತಿರುಗಿ ನೋಡುತ್ತ ಮಾವುತನ ಹಿಂದೆ ಹೊರಟಿತು. "ಮೇಯಕ್ಕೆ ಹೊಂಟೈತೆ," ಎಂದಳು ಕರುಪ್ಪಾಯಿ ಬೀಗರಿಗೆ.

ಗಂಡಿನ ಅಪ್ಪ ಹೆಂಡತಿಯ ಮುಖ ನೋಡಿದರು. ಆಕೆ ತಲೆಯಾಡಿಸಿದ ಮೇಲೆ ಅವರು ಆಂಡಿಯತ್ತ ತಿರುಗಿದರು.

"ಸಂಬಂದೀ, ನಿಮ್ಮಂಥೋರತ್ರ ಮುಚ್ಚಿಡಬಾರ್ದು. ಹುಡುಗ ದಿಂಡಿಗಲ್‌ನಲ್ಲಿ ಅಂಗಡಿ ಇಟ್ಟವ್ನೆ ಅಂದದ್ದು ಸುಳ್ಳು. ಅಲ್ಲೊಂದು ಸರ್ಕಸ್ಸಲ್ಲಿ ಸಿಂಹ ಆಡಿಸ್ತಾನೆ. ಹೆದರ್ಕೊಂಡು ಯಾರೂ ಹೆಣ್ಣೇ ಕೊಡ್ಲಿಲ್ಲ. ಆನೆ ಕಟ್ಟೋ ನಿಮಗೇನು ಹೆದ್ರಿಕೆ? ನಮಗೆ ಒಪ್ಪಿಗೆ!"

ಆಂಡಿ ಬಾಯಿ ತೆರೆಯುವ ಮೊದಲೇ ಚಿನ್ನಮ್ಮಾಳ್ ಕುಣಿದಾಡಿದಳು. "ಅಪ್ಪಾ, ನಂಗೂ ಒಪ್ಪಿಗೆ!"

"ಮಳೆಗಾಲದಲ್ಲಿ ಸರ್ಕಸ್ಸಿಗೆ ರಜ," ಎಂದರು ಬೀಗಿತಿ ಸಂಕೋಚದಿಂದ. "ಆಗೆಲ್ಲ ಅಳಿಯ ಮಾಪಿಳ್ಳೆ ನಿಮ್ಮ ಮನೇಲೇ ಇರ್ತಾನೆ. ಸಿಂಹಾನೂ ಅವನ ಜೊತೇನೇ ಬತ್ತೈತೆ. ಆನೆ ಇರೋ ಅಂಗಳದಲ್ಲಿ ಒಂದು ಸಿಂಹ ಹಿಡಿಯಲ್ವಾ, ಅಣ್ಣೇ?"