ನನ್ನ ಹೆಂಡತಿಯ ಬಗ್ಗೆ ತಮಗಿರುವ ಕಾಳಜಿಯ ಕುರಿತು

ಇಂದ:
ಲಕ್ಷ್ಮೀನಾರಾಯಣ,
ರೈಲ್ವೆ ಪಾರ್ಸೆಲ್ ಆಫೀಸಿನ ನಿವೃತ್ತ ಗುಮಾಸ್ತ, ನಾಗಪುರ

ಮೊಬೈಲ್ ಪರದೆಗಳ ಮೇಲೆ ಜಾಹೀರಾತು ಬಿತ್ತರಿಸುವ ಕಂಪನಿಯ ಯಜಮಾನರ ಸನ್ನಿಧಿಗೆ,

ಮಾನ್ಯರೇ,

ತಾವು ಸಪರಿವಾರ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಕ್ಷೇಮವನ್ನು ತಮಗೆ ಬರೆದು ತಿಳಿಸುವ ಅಗತ್ಯ ಕಾಣುವುದಿಲ್ಲ. ನನ್ನ ಮಂಡಿನೋವು, ನಮ್ಮ ಮನೆಯ ಸೋರುವ ಕೂಲರು, ಮಗಳು ಸ್ವಪ್ನಾ ಹೊಸ ಫ್ರಿಜ್ ಕೊಳ್ಳಲು ಯೋಚಿಸುತ್ತಿರುವ ಸಂಗತಿ, ಇವೆಲ್ಲ ನಮ್ಮ ಬೀಗರಿಗಿಂತ ಮೊದಲು ತಮಗೆ ಮುಟ್ಟುತ್ತವೆ. ನಮ್ಮ ವಿಷಯದಲ್ಲಿ ಇಷ್ಟು ಬಲ್ಲ ತಮ್ಮ ಹೆಸರಾಗಲಿ, ಊರಾಗಲಿ, ವಿಳಾಸವಾಗಲಿ ನನಗೆ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ. ಇದರಲ್ಲಿ ಬರುವ ಮನೆಯ ವಿಚಾರವನ್ನು ನನ್ನ ಹೆಂಡತಿ ಸಾವಿತ್ರಮ್ಮ ಓದಿ, ಒಪ್ಪಿ, ಕಾಗುಣಿತ ತಿದ್ದಿಕೊಟ್ಟಿದ್ದಾಳೆ. ಮುಚ್ಚಿಡುವುದಕ್ಕೆ ತಾವು ಏನನ್ನೂ ಉಳಿಸಿಲ್ಲವಾದ್ದರಿಂದ ಅವಳದೇನೂ ತಕರಾರಿಲ್ಲ.

ಮೊದಲು ನಮ್ಮ ಭಾನುವಾರದ ಬಗ್ಗೆ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಬಡಾವಣೆಗೆ ಕನ್ನಡ ಪತ್ರಿಕೆ ಬರುವುದಿಲ್ಲ. ಆದ್ದರಿಂದ ರೈಲ್ವೆ, ಮದ್ದುಗುಂಡಿನ ಆರ್ಡ್ನೆನ್ಸ್ ಫ್ಯಾಕ್ಟರಿ, ಏರ್‌ಫೋರ್ಸ್ ಅಂತ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟ ನಾವು ಕೆಲವು ಮನೆಯವರು, ಭಾನುವಾರ ಬೆಳಿಗ್ಗೆ ಏರ್‌ಫೋರ್ಸಿನ ಪೊನ್ನಪ್ಪನವರ ಮನೆಯಲ್ಲಿ ಸೇರಿ, ಹಾಸನದ ಕಡೆಯ ಹೊನ್ನಪ್ಪ ಎಂಬವರು ಒಬ್ಬರೇ ಇಂಟರ್‌ನೆಟ್ಟಿನಲ್ಲಿ ನಡೆಸುವ ಪುಟ್ಟ ಪತ್ರಿಕೆಯನ್ನು ಟಿವಿಗೆ ಹಾಕಿಕೊಂಡು ಓದಿಸಿ ಕೇಳುತ್ತೇವೆ. ಓದುವವಳು ಸಾವಿತ್ರಮ್ಮ. ತಮ್ಮತಮ್ಮಲ್ಲೇ ಮರಾಠಿಯಲ್ಲಿ ಜಗಳವಾಡುವ ಮಕ್ಕಳು ಅವಳು ಕಡ್ಡಿ ಇಟ್ಟು ತೋರಿಸಿದ ಕಡೆ ಕಣ್ಣು ಓಡಿಸುತ್ತ, ಒತ್ತಕ್ಷರದಲ್ಲಿ ಎಡವುತ್ತ, ಅಂತೂ ಕನ್ನಡ ಓದುತ್ತವೆ. ವಾರವಿಡೀ ನನ್ನ ಅಡುಗೆ, ನನ್ನ ಮಾತ್ರೆ ನೋಡಿಕೊಂಡು ನನ್ನ ಗೊಣಗಾಟ ಸಹಿಸುವ ಅವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ. ಅದನ್ನು ತಾವು ಕಿತ್ತುಕೊಂಡಿರಿ, ಮಾನ್ಯರೇ. ನನ್ನ ದೂರು ಇಷ್ಟೇ.

ನಡೆದದ್ದನ್ನು ವಿವರಿಸುತ್ತೇನೆ. ಗರ್ಭಕೋಶದ ಆಪರೇಷನ್ ಆದಮೇಲೆ ಸಾವಿತ್ರಮ್ಮನಿಗೆ ಕೆಮ್ಮಿದರೆ, ಸೀನಿದರೆ ಉಚ್ಚೆ ಜಿನುಗುವ ತೊಂದರೆ ಶುರುವಾಯಿತು. ಡಾಕ್ಟರು ಅದಕ್ಕೆಂದೇ ಬರುವ ಒಂದು ಬಗೆಯ ಒಳಉಡುಪು ತೊಡಲು ಹೇಳಿದರು. ಹೆತ್ತ ಮಗಳಿಗೂ ಹೇಳಲು ನಾಚಿದ ಅವಳು ನನಗೊಬ್ಬನಿಗೆ ಹೇಳಿದಳು. ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಲು ನಾಚಿದ ನಾನು ಮೊಬೈಲಿನಲ್ಲಿ ಹುಡುಕಿ, ಅಳತೆ ಗೊತ್ತಾಗದೆ, ಕೊಳ್ಳದೆ ಸುಮ್ಮನಾದೆ. ಆ ವಾರದ ಭಾನುವಾರ ಟಿವಿಗೆ ಜೋಡಿಸಿದ್ದು ನನ್ನದೇ ಮೊಬೈಲು. ಹೊನ್ನಪ್ಪನವರ ಪತ್ರಿಕೆಯಲ್ಲಿ ಬಂದಿದ್ದ ಒಬ್ಬ ಮೇಷ್ಟರ ನಿಧನವಾರ್ತೆಯನ್ನು ಸಾವಿತ್ರಮ್ಮ ತಗ್ಗಿದ ದನಿಯಲ್ಲಿ ಓದುತ್ತಿರುವಾಗ, ಮೃತರ ಪಟದ ಮೇಲೆಯೇ ಟಿವಿ ತುಂಬ ಒಬ್ಬ ನಗುಮುಖದ ಹೆಂಗಸು ಪ್ರತ್ಯಕ್ಷಳಾಗಿ, ಆ ಉಡುಪನ್ನು ಕೈಯಲ್ಲಿ ಹಿಡಿದು, ತಾವು ನೋಡಿಹೋದ ಸರಕು ಇನ್ನೂ ತಮಗಾಗಿ ಕಾದಿದೆ ಎಂದು ಹಿಂದಿಯಲ್ಲಿ ಜ್ಞಾಪಿಸಿದಳು. ಮುಚ್ಚುವ ಗುರುತನ್ನು ತಾವು ಎಳ್ಳುಕಾಳಿನಷ್ಟು ಮಾಡಿ ಮೂಲೆಯಲ್ಲಿಟ್ಟಿರುವುದರಿಂದ ನನ್ನ ಬೆರಳು ಪಕ್ಕಕ್ಕೆ ಬಿದ್ದು, ಆಕೆ ಜೋರಾಗಿ ಮಾತಾಡಲು ಶುರುಮಾಡಿದಳು. ಕೂತವರೆಲ್ಲ ಮೊದಲು ನನ್ನ ಮೊಬೈಲು ನೋಡಿದರು, ಆಮೇಲೆ ಸಾವಿತ್ರಮ್ಮನನ್ನು ನೋಡಿದರು. ಅವಳು ಕಡ್ಡಿ ಕೆಳಗಿಟ್ಟು, ಗ್ಯಾಸಿನ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಹೇಳಿ ಮನೆಗೆ ಹೋದಳು. ಗ್ಯಾಸಿನ ಮೇಲೆ ಹಾಲು ಇರಲಿಲ್ಲ. ಮುಂದಿನ ಭಾನುವಾರಗಳಲ್ಲಿ ಅವಳು ಬರಲಿಲ್ಲ, ಮಕ್ಕಳು ಓದಲಿಲ್ಲ.

ತಮ್ಮ ಜ್ಞಾಪಕಶಕ್ತಿ, ತಮ್ಮ ಸಮಯಪ್ರಜ್ಞೆ, ಕರೆಯದೆ ಬಂದು ಕೂರುವ ತಮ್ಮ ಸಲಿಗೆ ಇವುಗಳನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೂ ಒಂದು ಹೋಲಿಕೆಯನ್ನು ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ಆಮೇಲೆ ಧೈರ್ಯ ಮಾಡಿ ನಾನು ಸೀತಾಬರ್ಡಿ ಪೇಟೆಯ ಒಂದು ಔಷಧಿ ಅಂಗಡಿಗೆ ಹೋದೆ. ಗಿಜಿಗುಡುವ ಗಿರಾಕಿಗಳ ನಡುವೆ ಅಂಗಡಿಯವನು, ನಾನು ಕೇಳದೆಯೇ, ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ನನ್ನ ಮುಖ ನೋಡದೆ ಕೈಗಿತ್ತ. ಅವನಿಗೆ ಇದನ್ನು ಯಾವ ಕಂಪ್ಯೂಟರೂ ಕಲಿಸಿರಲಿಲ್ಲ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಇನ್ನು ಮುಂದೆ ತಮ್ಮ ಇಂಥ ಜಾಹೀರಾತುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ತೋರಿಸಬೇಕೆಂದು, ಅದು ಆಗದಿದ್ದರೆ ಮೊದಲು ಒಬ್ಬ ಸಭ್ಯ ಮನುಷ್ಯನನ್ನು ಕಳಿಸಿ, ಮನೆಯಲ್ಲಿ ನೆಂಟರಿದ್ದಾರೆಯೇ ಅಂತ ವಿಚಾರಿಸಿಕೊಂಡು ಬರಬೇಕೆಂದು ಪ್ರಾರ್ಥಿಸುತ್ತೇನೆ.

ಈ ನಡುವೆ ಪೊನ್ನಪ್ಪನವರ ಹೆಂಡತಿ ನಮಿತಾ, ನನ್ನ ಮೊಬೈಲಿಗೆ ಜಾಹೀರಾತು ತಡೆಯುವ ಒಂದು ಸಾಧನ ಹಾಕಿಕೊಟ್ಟಳು. ಪರದೆ ತೊಳೆದಿಟ್ಟ ಹಾಗಾಯಿತು. ಆದರೆ ಹೊನ್ನಪ್ಪನವರ ಪತ್ರಿಕೆ ತೆರೆದರೆ ಅಲ್ಲೊಂದು ವಿನಂತಿ: ತಾವು ಜಾಹೀರಾತು ತಡೆದಿದ್ದೀರಿ, ಈ ಪತ್ರಿಕೆ ನಡೆಯುವುದೇ ಅದರಿಂದ, ದಯಮಾಡಿ ತೆರವು ಮಾಡಿ. ನಮ್ಮ ಮಾನ ಹರಾಜು ಹಾಕಿದವರ ವ್ಯಾಪಾರ ನಿಂತರೆ ನನಗೇನು ಅಂತ ನಾನು ಜಗ್ಗಲಿಲ್ಲ. ಸಾವಿತ್ರಮ್ಮ ಮಾತ್ರ ಅದನ್ನು ಓದಿ, ಹೊನ್ನಪ್ಪ ಏನು ಮಾಡಿದ್ದಾನೆ, ಅವನ ಅನ್ನಕ್ಕೆ ಕಲ್ಲು ಹಾಕಬೇಡಿ, ತೆಗೀರಿ ಅದನ್ನ ಅಂದಳು. ಅವಮಾನ ಆದದ್ದು ಅವಳಿಗೆ, ತೆಗೆಯಿರಿ ಅಂದವಳೂ ಅವಳೇ, ನಾನೇನು ಹೇಳಲಿ. ಹೊನ್ನಪ್ಪನವರಿಗೆ ಫೋನ್ ಮಾಡಿ ವರ್ಷದ ಚಂದಾ ಕಳಿಸುತ್ತೇನೆ ಅಂದರೆ, ನೀವೊಬ್ಬರು ಕೊಡುತ್ತೀರಿ ಸ್ವಾಮಿ, ಉಳಿದವರೆಲ್ಲ ಪುಕ್ಕಟೆ ಓದುವವರು, ನಾನು ಜಾಗ ಬಿಟ್ಟುಕೊಟ್ಟಿದ್ದೇನಷ್ಟೆ, ಯಾರು ಬಂದು ಕೂರುತ್ತಾರೋ ನನಗೂ ತಿಳಿಯದು, ನನ್ನ ಪತ್ರಿಕೆ ತೆರೆದರೆ ನನಗೇ ಬೋಳುತಲೆಯ ಎಣ್ಣೆ ತೋರಿಸುತ್ತಾರೆ ಅಂತ ಆ ಪುಣ್ಯಾತ್ಮ ನೊಂದುಕೊಂಡರು.

ಟಿಕೆಟ್ಟಿಲ್ಲದ ಪ್ರಯಾಣ ತಪ್ಪೆಂದು ಬಲ್ಲ ರೈಲ್ವೆಯವನು ನಾನು. ಜಾಹೀರಾತು ತಡೆದು ಪತ್ರಿಕೆ ಓದುವುದೂ ಅಂಥದ್ದೇ ಎಂದು ತಮ್ಮ ಕಡೆಯವರು ಹೇಳುವುದನ್ನು ಕೇಳಿದ್ದೇನೆ, ಅರ್ಧ ಒಪ್ಪುತ್ತೇನೆ. ಆದರೆ ಟಿಕೆಟ್ ಕೊಟ್ಟ ರೈಲ್ವೆ, ಪ್ರಯಾಣಿಕನ ಹಾಸಿಗೆ ಬಿಚ್ಚಿ ಪ್ಲಾಟ್‌ಫಾರಂ ಮೇಲೆ ಹರಡಿದ್ದನ್ನು ನನ್ನ ನೌಕರಿಯಲ್ಲಿ ನಾನು ಕಾಣಲಿಲ್ಲ. ಬಡಪಾಯಿ ಹೊನ್ನಪ್ಪನನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ನಮ್ಮ ಮನೆಗೆ ಮೂಗು ತೂರಿಸುವುದು ತಮ್ಮಂಥ ದೊಡ್ಡವರಿಗೆ ಶೋಭಿಸುವುದಿಲ್ಲ. ನನಗೆ ತಮ್ಮ ಮೇಲೆ ಬಹಳ ಸಿಟ್ಟಿದೆ.

ಅದಿರಲಿ. ಹೊನ್ನಪ್ಪನ ಪತ್ರಿಕೆಯೊಂದಕ್ಕೆ ಮಾತ್ರ ತಡೆ ತೆಗೆಸಿದ ಸಾವಿತ್ರಮ್ಮ, ಕಳೆದ ಭಾನುವಾರ ತಾನೇ ಸೀರೆಯುಟ್ಟು ಹೊರಟಳು. ಕಾಳುಮೆಣಸಿನ ದರ ಓದುತ್ತಿರುವಾಗ ತಮ್ಮ ನಗುಮುಖದ ಹೆಂಗಸು ಬರೋಬರ್ ಹಾಜರಾದಳು. ಮುಚ್ಚಲು ಹೋದ ನನ್ನ ಕೈ ತಡೆದು, ಸಾವಿತ್ರಮ್ಮ ಕಡ್ಡಿ ಇಟ್ಟು, ಆ ಹಿಂದಿಯನ್ನು ಅಕ್ಷರಶಃ ಕನ್ನಡ ಮಾಡಿ, ನಿಧನವಾರ್ತೆಯ ಗಾಂಭೀರ್ಯದಲ್ಲೇ ಎಲ್ಲರಿಗೂ ಓದಿ ಹೇಳಿದಳು. ಇದು ನನಗೆ ಬೇಕಾದದ್ದು, ಆದರೆ ಈ ಕಂಪನಿಯದು ತೊಡೆ ಕೆರೆಯುತ್ತಂತೆ, ಬೇರೆಯದು ತಗೊಳ್ಳಿ ಎಂಬ ಟಿಪ್ಪಣಿಯನ್ನೂ ಸೇರಿಸಿದಳು. ಯಾರೂ ನಗಲಿಲ್ಲ. ಕೂಟ ಮುಗಿದ ಮೇಲೆ, ಪಕ್ಕದ ಊರು ಕನ್ಹಾನಿನಿಂದ ಬರುವ ಗೌರಮ್ಮ ಅವಳನ್ನು ಅಡುಗೆಮನೆಗೆ ಕರೆದು, ಬಸ್ಸು ಹತ್ತಲು ಹೆದರಿ ತಾನು ತವರಿಗೇ ಹೋಗದೆ ಬಹಳ ಕಾಲವಾಯಿತು, ಆ ಬೇರೆಯದು ಯಾವುದು ಹೇಳು ತಾಯಿ ಅಂತ ಕೈ ಹಿಡಿದುಕೊಂಡರಂತೆ. ತಮ್ಮ ಜಾಹೀರಾತಿನಿಂದ ಲೋಕೋಪಕಾರವಾಯಿತು ಎಂದು ತಿಳಿಸಲು ಹರ್ಷಿಸುತ್ತೇನೆ. ತಮಗೆ ಮಾತ್ರ ಅದರಿಂದ ಕಾಸು ಹುಟ್ಟಲಿಲ್ಲ.

ಇಂತು, ತಾವು ಬಲ್ಲಷ್ಟು ತನ್ನನ್ನು ತಾನೇ ಅರಿಯದ,
ತಮ್ಮ ವಿಶ್ವಾಸಿ,
ಲಕ್ಷ್ಮೀನಾರಾಯಣ

ತಾ.ಕ.: ಈ ಪತ್ರವನ್ನು ಮೊಬೈಲಿನಲ್ಲೇ ಬರೆದೆ. ಹೆಂಡತಿ, ಹೆಂಡತಿ ಎಂದು ಹಲವು ಸಲ ಬರೆದದ್ದಕ್ಕೋ ಏನೋ, ಈಗ ತಾವು ನನಗೆ ಹಿರಿಯ ನಾಗರಿಕರ ಎರಡನೆಯ ಮದುವೆಗೆ ವಧುಗಳನ್ನು ತೋರಿಸುತ್ತಿದ್ದೀರಿ. ತಮಗೆ ಓದಲು ಬರುತ್ತದೆ, ಅರ್ಥವಾಗುವುದಿಲ್ಲ ಎಂದಾಯಿತು. ಸಾವಿತ್ರಮ್ಮ ಅದನ್ನು ನೋಡಿದ್ದಾಳೆ. ಈ ಭಾನುವಾರ ಅದನ್ನೂ ಎಲ್ಲರೆದುರು ಓದುತ್ತೇನೆ, ನೀವು ಮುಂದಿನ ಸಾಲಿನಲ್ಲಿ ಕೂತಿರಬೇಕು ಎಂದು ನನಗೆ ತಾಕೀತು ಮಾಡಿದ್ದಾಳೆ.